ತಮ್ಮಂದಿರನ್ನು ಹುಡುಕುತ್ತಲೇ ಹೋದ ಹಿರಿಯಣ್ಣ: ಕಡಲಲ್ಲಿ ಕೊನೆಗೆ ಉಳಿದ ಜಾರ್ಜ್ ಸಲಿವನ್

ನವೆಂಬರ್ 13 ಬಂತೆಂದರೆ ಅಮೆರಿಕದ ಅಯೋವಾ ರಾಜ್ಯದ ವಾಟರ್‌ಲೂ ಎಂಬ ಊರಿಗೆ ಐದು ಹೆಸರುಗಳು ನೆನಪಾಗುತ್ತವೆ. ಜಾರ್ಜ್, ಫ್ರಾಂಕ್, ಜೋ, ಮ್ಯಾಟ್, ಆಲ್. ಒಂದೇ ತಾಯಿಯ ಐದು ಮಕ್ಕಳು. 1942ರಲ್ಲಿ ಒಂದೇ ಯುದ್ಧನೌಕೆಯಲ್ಲಿದ್ದು, ಆ ಒಂದೇ ನೌಕೆಯ ಜೊತೆ ಹೋದವರು. ಐವರು ಸಲಿವನ್ ಸಹೋದರರು ಅಂತ ಒಟ್ಟಿಗೇ ಹೇಳಿ ಎಲ್ಲರಿಗೂ ಅಭ್ಯಾಸ. ಹಡಗಿಗೆ ಇಟ್ಟ ಹೆಸರೂ ಹಾಗೇ, ಸಿನಿಮಾದ ಹೆಸರೂ ಹಾಗೇ. ಆದ್ರೆ ಅವರು ಹೋದದ್ದು ಒಂದೇ ಗಳಿಗೆಯಲ್ಲಲ್ಲ. ಎಲ್ಲರಿಗಿಂತ ಹಿರಿಯವನು ಎಲ್ಲರಿಗಿಂತ ಕೊನೆಗೆ ಹೋದ. ಹಡಗು ಮುಳುಗಿದ ಮೇಲೂ ನಾಲ್ಕೈದು ದಿನ ಜೀವ ಹಿಡಿದುಕೊಂಡು, ಕಡಲಿನಲ್ಲಿ ತಮ್ಮಂದಿರ ಹೆಸರು ಹಿಡಿದು ಕೂಗುತ್ತಾ ಇದ್ದ ಆ ಹಿರಿಯಣ್ಣನ ಹೆಸರು ಜಾರ್ಜ್ ಥಾಮಸ್ ಸಲಿವನ್.

ಐವರೂ ಒಂದೇ ಹಡಗಿನಲ್ಲಿರಬೇಕು ಅಂತ ನೌಕಾಪಡೆಗೆ ಪತ್ರ ಬರೆದು ಹಟ ಹಿಡಿದವನೂ ಅವನೇ.

ರೈಲ್ವೆ ನೌಕರನ ಮನೆ

ಜಾರ್ಜ್ ಹುಟ್ಟಿದ್ದು 1914ರ ಡಿಸೆಂಬರ್ 14ರಂದು. ತಂದೆ ಥಾಮಸ್ ಸಲಿವನ್ ಇಲಿನಾಯ್ ಸೆಂಟ್ರಲ್ ರೈಲ್ವೆಯ ನೌಕರ, ಗೂಡ್ಸ್ ರೈಲುಗಳ ಮೇಲೆ ಕೆಲಸ. ತಾಯಿ ಅಲೀಟಾ. ಐರ್ಲೆಂಡ್‌ನಿಂದ ಹಿಂದೆಂದೋ ಬಂದು ನೆಲೆಸಿದ ಕ್ಯಾಥೊಲಿಕ್ ಮನೆತನ. ವಾಟರ್‌ಲೂ ಆಗ ದೊಡ್ಡ ನಗರವೇನೂ ಅಲ್ಲ. ಸೀಡರ್ ನದಿ ಊರಿನ ನಡುವೆ ಹಾದುಹೋಗುತ್ತದೆ. ರೈಲ್ವೆ, ಟ್ರಾಕ್ಟರ್ ಕಾರ್ಖಾನೆ, ಮಾಂಸ ಸಂಸ್ಕರಣೆಯ ಕಾರ್ಖಾನೆ, ಇವೇ ಊರಿಗೆ ಅನ್ನ ಹಾಕುತ್ತಿದ್ದವು. ಸುತ್ತ ಎತ್ತ ನೋಡಿದರೂ ಜೋಳದ ಹೊಲ. ಕಡಲು ಅನ್ನೋದು ಅಲ್ಲಿಂದ ಎರಡೂ ದಿಕ್ಕಿಗೆ ಸಾವಿರಾರು ಕಿಲೋಮೀಟರ್ ದೂರ.

ಜಾರ್ಜ್ ಬೆನ್ನಿಗೆ 1916ರಲ್ಲಿ ಫ್ರಾನ್ಸಿಸ್ ಹುಟ್ಟಿದ, ಮನೆಯವರಿಗೆ ಫ್ರಾಂಕ್. 1917ರಲ್ಲಿ ಜೆನೆವೀವ್, ಐದು ಗಂಡುಮಕ್ಕಳ ನಡುವೆ ಬೆಳೆದ ಒಬ್ಬಳೇ ಹುಡುಗಿ. 1918ರಲ್ಲಿ ಜೋಸೆಫ್, 1919ರಲ್ಲಿ ಮ್ಯಾಡಿಸನ್ ಅಂದ್ರೆ ಮ್ಯಾಟ್. ಕೊನೆಯವನು ಆಲ್ಬರ್ಟ್, 1922ರಲ್ಲಿ. ಆಮೇಲೆ 1931ರಲ್ಲಿ ಇನ್ನೊಂದು ಹೆಣ್ಣು ಮಗು ಹುಟ್ಟಿತು, ಆದರೆ ಉಳಿಯಲಿಲ್ಲ. ಅಲೀಟಾಳ ತಾಯಿಯೂ ಇದೇ ಮನೆಯಲ್ಲಿದ್ದರು. ಆಡಮ್ಸ್ ಸ್ಟ್ರೀಟಿನ 98ನೇ ನಂಬರಿನ ಆ ಮನೆಯಲ್ಲಿ ಊಟಕ್ಕೆ ಕೂತರೆ ಮೇಜಿನ ಸುತ್ತ ಜಾಗ ಸಾಲುತ್ತಿರಲಿಲ್ಲ.

ದೊಡ್ಡ ಸಂಸಾರ ಅಂದಮೇಲೆ ಹಿರಿಮಗನ ಪಾಡು ಎಲ್ಲ ಊರಲ್ಲೂ ಒಂದೇ. ಅಪ್ಪ ರೈಲಿನ ಮೇಲೆ ಹೋದರೆ ಮನೆಗೆ ಬರುವುದು ಯಾವಾಗ ಅಂತ ಇಲ್ಲ. ಚಿಕ್ಕವರನ್ನು ನೋಡಿಕೊಳ್ಳುವುದು, ಜಗಳ ಬಿಡಿಸುವುದು, ಅಗತ್ಯ ಬಿದ್ದರೆ ಅವರ ಪರವಾಗಿ ಜಗಳ ಆಡುವುದು, ಎಲ್ಲ ದೊಡ್ಡವನ ತಲೆಗೆ. ಸಲಿವನ್ ಹುಡುಗರಲ್ಲಿ ಒಬ್ಬನ ಮೈಮೇಲೆ ಕೈ ಮಾಡಿದರೆ ಉಳಿದ ನಾಲ್ವರೂ ಬಂದೇ ಬರುತ್ತಾರೆ ಅನ್ನೋದು ಕೇರಿಗೆಲ್ಲ ಗೊತ್ತಿದ್ದ ವಿಷಯ. ಐದು ಬೆರಳು ಸೇರಿದರೆ ಮುಷ್ಟಿ ಅನ್ನುವ ಮಾತಿಗೆ ಆ ಕೇರಿಯಲ್ಲಿ ಬೇರೆ ಉದಾಹರಣೆ ಬೇಕಾಗಿರಲಿಲ್ಲ.

ಅವರು ಬೆಳೆಯುವ ಹೊತ್ತಿಗೆ ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಹಿಡಿದಿತ್ತು. ಓದು ಮುಂದುವರಿಸುವುದಕ್ಕಿಂತ ಕೈಗೆ ಒಂದು ಕೆಲಸ ಸಿಗುವುದೇ ದೊಡ್ಡದಾಗಿದ್ದ ಕಾಲ ಅದು. ಅಂಥ ಕಾಲದಲ್ಲಿ, 1937ರಲ್ಲಿ, ಜಾರ್ಜ್ ಮತ್ತು ಫ್ರಾಂಕ್ ನೌಕಾಪಡೆ ಸೇರಿದರು. ಆಗ ಯುದ್ಧದ ಸುದ್ದಿ ಇರಲಿಲ್ಲ. ಸಂಬಳ, ಊಟ, ಬಟ್ಟೆ, ಜೊತೆಗೆ ಜಗತ್ತು ನೋಡುವ ಅವಕಾಶ. ನಾಲ್ಕು ವರ್ಷದ ಸೇವೆಯನ್ನೂ ಅಣ್ಣ ತಮ್ಮ ಇಬ್ಬರೂ ಒಂದೇ ಹಡಗಿನಲ್ಲಿ ಕಳೆದರು. ಅದರ ಹೆಸರು ಹೋವಿ, ಒಂದು ಡಿಸ್ಟ್ರಾಯರ್ ನೌಕೆ. ಒಟ್ಟಿಗೆ ಹೋದರು, ಒಟ್ಟಿಗೆ ವಾಪಸ್ ಬಂದರು. ಏನೂ ಆಗಲಿಲ್ಲ. ಒಂದೇ ಹಡಗಿನಲ್ಲಿ ಇರುವುದರಲ್ಲಿ ಅಪಾಯ ಇದೆ ಅಂತ ಜಾರ್ಜ್‌ಗೆ ಅನ್ನಿಸದೆ ಇರುವುದಕ್ಕೆ ಈ ನಾಲ್ಕು ವರ್ಷಗಳೂ ಕಾರಣ ಇರಬಹುದು.

1941ರಲ್ಲಿ ಅವಧಿ ಮುಗಿಸಿ ಬಂದವರು ಉಳಿದ ತಮ್ಮಂದಿರ ಜೊತೆ ಊರಿನ ರಾತ್ ಮಾಂಸ ಸಂಸ್ಕರಣಾ ಕಂಪನಿಯ ಕೆಲಸಕ್ಕೆ ಹೋದರು. ಹುಡುಗರಿಗೆ ಮೋಟಾರ್ ಸೈಕಲ್ ಹುಚ್ಚು. ಹಾರ್ಲೆ ಗಾಡಿಗಳ ಮೇಲೆ ಗುಂಪಾಗಿ ಸುತ್ತುವುದು ರಜೆಯ ದಿನದ ಕೆಲಸ. ಎಲ್ಲರಿಗಿಂತ ಚಿಕ್ಕವನಾದ ಆಲ್ ಮಾತ್ರ ಎಲ್ಲರಿಗಿಂತ ಮೊದಲು ಸಂಸಾರಸ್ಥನಾದ. ಕ್ಯಾಥರೀನ್ ಮೇರಿಯನ್ನು ಮದುವೆಯಾಗಿ, ಜಿಮ್ಮಿ ಎಂಬ ಗಂಡು ಮಗುವಿನ ತಂದೆಯೂ ಆಗಿದ್ದ.

ಒಂದು ಭಾನುವಾರ, ಒಂದು ಪತ್ರ

1941ರ ಡಿಸೆಂಬರ್ 7, ಭಾನುವಾರ. ಹವಾಯಿ ದ್ವೀಪದ ಪರ್ಲ್ ಹಾರ್ಬರ್ ಮೇಲೆ ಜಪಾನಿನ ವಿಮಾನಗಳು ಬಿದ್ದವು. ಅರಿಜೋನಾ ಯುದ್ಧನೌಕೆ ಸ್ಫೋಟಗೊಂಡು ಅದೊಂದರಲ್ಲೇ 1,177 ಮಂದಿ ಸತ್ತರು. ಸತ್ತವರಲ್ಲಿ ಬಿಲ್ ಬಾಲ್ ಎಂಬ ಯುವಕನೂ ಇದ್ದ. ಅವನು ಅಯೋವಾದವನೇ, ವಾಟರ್‌ಲೂ ಹತ್ತಿರದ ಫ್ರೆಡ್ರಿಕ್ಸ್‌ಬರ್ಗ್ ಊರಿನವನು, ಸಲಿವನ್ ಸಹೋದರರ ಗೆಳೆಯ. ದೂರದ ಯುದ್ಧ ಹೀಗೆ ಆಡಮ್ಸ್ ಸ್ಟ್ರೀಟಿನ ಮನೆಯೊಳಗೆ ಬಂತು.

ಮತ್ತೆ ಸೇನೆಗೆ ಹೋಗಬೇಕು ಅಂತ ಜಾರ್ಜ್ ತೀರ್ಮಾನಿಸಿದ. ಫ್ರಾಂಕ್ ಜೊತೆಗಿದ್ದ. ಉಳಿದ ಮೂವರೂ ಹೊರಟು ನಿಂತರು. ಆಲ್‌ಗೆ ಹೆಂಡತಿ ಮತ್ತು ಕೈಗೂಸು ಇದ್ದುದರಿಂದ ಕಡ್ಡಾಯ ಸೇನಾ ಭರ್ತಿಯಿಂದ ವಿನಾಯಿತಿ ಸಿಗುತ್ತಿತ್ತು. ಅಣ್ಣಂದಿರೆಲ್ಲ ಹೋಗುವಾಗ ತಾನೊಬ್ಬ ಮನೆಯಲ್ಲಿ ಉಳಿಯುವುದಕ್ಕೆ ಅವನು ಒಪ್ಪಲಿಲ್ಲ. ಅವನ ಹೆಂಡತಿಯೂ ತಡೆಯಲಿಲ್ಲ.

ಆದರೆ ಒಂದು ಷರತ್ತು. ಐವರನ್ನೂ ಒಂದೇ ಹಡಗಿಗೆ ಹಾಕಬೇಕು. ಜಾರ್ಜ್ ಡಿಸೆಂಬರ್ ತಿಂಗಳಲ್ಲೇ ನೌಕಾಪಡೆಗೆ ಪತ್ರ ಬರೆದ. ತಾನೂ ಫ್ರಾಂಕ್ ಮೊದಲೇ ಸೇವೆ ಮಾಡಿದವರು, ಈಗ ಐವರು ಅಣ್ಣತಮ್ಮಂದಿರೂ ಬರಲು ತಯಾರಿದ್ದೇವೆ, ಬಿಡಿಸದೆ ಒಟ್ಟಿಗೆ ಇರಿಸಿದರೆ ತಮ್ಮನ್ನು ಮೀರಿಸುವವರು ಇರಲಾರರು ಅನ್ನುವ ಅರ್ಥದ ಪತ್ರ ಅದು. ಕುಟುಂಬದವರನ್ನು ಒಂದೇ ಹಡಗಿನಲ್ಲಿ ಇಡದಿರುವುದು ಒಳ್ಳೆಯದು ಅನ್ನೋ ಅಭಿಪ್ರಾಯ ನೌಕಾಪಡೆಯಲ್ಲಿ ಇತ್ತು. ಆದ್ರೆ ಅದನ್ನು ಕಟ್ಟುನಿಟ್ಟಾಗಿ ಯಾರೂ ಪಾಲಿಸುತ್ತಿರಲಿಲ್ಲ. ಹೊಸ ಹಡಗುಗಳಿಗೆ ಜನ ಬೇಕಾಗಿತ್ತು. ಐವರು ಅಣ್ಣತಮ್ಮಂದಿರು ಸ್ವ ಇಚ್ಛೆಯಿಂದ ಬರುತ್ತಿದ್ದಾರೆ ಅನ್ನೋದು ಭರ್ತಿಯ ಪ್ರಚಾರಕ್ಕೂ ಒಳ್ಳೆಯ ಸುದ್ದಿಯಾಗಿತ್ತು.

1942ರ ಜನವರಿ 3ರಂದು ಅಯೋವಾದ ರಾಜಧಾನಿ ಡೆ ಮೊಯ್ನ್‌ನಲ್ಲಿ ಐವರೂ ಸೇರ್ಪಡೆಯಾದರು. ಮಿಷಿಗನ್ ಸರೋವರದ ದಡದ ಗ್ರೇಟ್ ಲೇಕ್ಸ್ ಕೇಂದ್ರದಲ್ಲಿ ತರಬೇತಿ. ಅಲ್ಲಿಂದ ನ್ಯೂಯಾರ್ಕ್. ಫೆಬ್ರವರಿ 14ರಂದು ಜೂನೋ ಎಂಬ ಹೊಸ ಲಘು ಕ್ರೂಸರ್ ನೌಕೆ ಸೇವೆಗೆ ಸೇರಿತು. ಅಂದು ಅದರ ಮೇಲೆ ಐವರೂ ನಗುತ್ತಾ ನಿಂತಿರುವ ಚಿತ್ರವನ್ನು ತೆಗೆಯಲಾಯಿತು. ಮುಂದೆ ಅಮೆರಿಕದ ಮನೆಮನೆಗೂ ಗೊತ್ತಾದ ಚಿತ್ರ ಅದೇ.

ಹಿಂದಿನ ಸೇವೆಯ ಅನುಭವ ಇದ್ದುದರಿಂದ ಜಾರ್ಜ್‌ಗೆ ತೋಪುಗಳ ವಿಭಾಗದಲ್ಲಿ ಗನ್ನರ್ಸ್ ಮೇಟ್ ಹುದ್ದೆ, ಫ್ರಾಂಕ್‌ಗೆ ಕಾಕ್ಸನ್ ಹುದ್ದೆ. ಉಳಿದ ಮೂವರು ಕೆಳದರ್ಜೆಯ ನಾವಿಕರು. ಮನೆಯ ಹಿರಿತನವೇ ಹಡಗಿನಲ್ಲೂ ಮುಂದುವರಿದಂತಾಯಿತು.

ಹಡಗಿನಲ್ಲಿ ಅಣ್ಣತಮ್ಮಂದಿರು ಇವರೊಬ್ಬರೇ ಆಗಿರಲಿಲ್ಲ. ರೋಜರ್ಸ್ ಎಂಬ ಮನೆತನದ ನಾಲ್ವರು ಸಹೋದರರೂ ಇದ್ದರು. ಎಲ್ಲರೂ ಒಂದೇ ಕಡೆ ಇರುವುದು ಬೇಡ ಅಂತ ಅವರಲ್ಲಿ ಇಬ್ಬರು ಕಾಳಗಕ್ಕೆ ಮುಂಚೆ ಬೇರೆ ಕಡೆ ವರ್ಗ ತೆಗೆದುಕೊಂಡರು. ಆ ಇಬ್ಬರು ಬದುಕಿದರು. ಸಲಿವನ್‌ಗಳು ಬಿಡಿಸಿಕೊಳ್ಳಲಿಲ್ಲ.

ಇತರರನ್ನು ಎತ್ತಿಕೊಂಡ ಹಡಗು

ಜೂನೋ ಮೊದಲ ಕೆಲವು ತಿಂಗಳು ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಕಡಲಿನಲ್ಲಿ ಗಸ್ತು ತಿರುಗಿತು. ಆಗಸ್ಟ್ ಕೊನೆಗೆ ಪೆಸಿಫಿಕ್ ಕಡೆ ಹೊರಟಿತು. ಅಲ್ಲಿ ಆಸ್ಟ್ರೇಲಿಯಾದ ಈಶಾನ್ಯಕ್ಕಿರುವ ಸಾಲೊಮನ್ ದ್ವೀಪಗಳಲ್ಲಿ ಗ್ವಾಡಲ್‌ಕೆನಾಲ್ ಎಂಬ ದ್ವೀಪಕ್ಕಾಗಿ ಜಪಾನ್ ಮತ್ತು ಅಮೆರಿಕ ತಿಂಗಳುಗಟ್ಟಲೆ ಕಾದಾಡುತ್ತಿದ್ದವು. ಕಾರಣ, ಆ ದ್ವೀಪದಲ್ಲಿದ್ದ ಒಂದು ವಿಮಾನ ಪಟ್ಟಿ. ಅದು ಯಾರ ಕೈಯಲ್ಲಿದೆಯೋ ಸುತ್ತಲಿನ ಕಡಲು ಹಗಲು ಹೊತ್ತು ಅವರದು.

ಸೆಪ್ಟೆಂಬರ್ 15ರಂದು ವಾಸ್ಪ್ ಎಂಬ ಅಮೆರಿಕದ ವಿಮಾನವಾಹಕ ನೌಕೆಗೆ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊಗಳು ಬಡಿದವು. ಆ ಹಡಗಿನಿಂದ ಉಳಿದವರಲ್ಲಿ 1,910 ಮಂದಿಯನ್ನು ಎಸ್ಪಿರಿಟು ಸಾಂಟೊ ದ್ವೀಪಕ್ಕೆ ತಲುಪಿಸಿದ್ದು ಇದೇ ಜೂನೋ ಮತ್ತು ಜೊತೆಗಿದ್ದ ಡಿಸ್ಟ್ರಾಯರ್‌ಗಳು. ಕಡಲಿಗೆ ಬಿದ್ದವರನ್ನು ಮೇಲಕ್ಕೆತ್ತಿದರೆ ಬದುಕುತ್ತಾರೆ ಅನ್ನೋದನ್ನು ಆ ಹಡಗಿನ ನಾವಿಕರು ಕಣ್ಣಾರೆ ನೋಡಿದ್ದರು. ಎರಡು ತಿಂಗಳೊಳಗೆ ಅವರೇ ನೀರಿನಲ್ಲಿದ್ದರು.

ನವೆಂಬರ್ 12ರ ರಾತ್ರಿ ದಾಟಿ 13 ಆರಂಭವಾಗಿತ್ತು, ಶುಕ್ರವಾರ. ವಿಮಾನ ಪಟ್ಟಿಯ ಮೇಲೆ ಗುಂಡು ಸುರಿಸಲು ಹಿಯೆ ಮತ್ತು ಕಿರಿಶಿಮಾ ಎಂಬ ಎರಡು ಭಾರೀ ಯುದ್ಧನೌಕೆಗಳ ಜೊತೆ ಜಪಾನಿನ ಪಡೆ ಬರುತ್ತಿತ್ತು. ಅದನ್ನು ತಡೆಯಲು ಹೊರಟದ್ದು ಅಮೆರಿಕದ 13 ಹಡಗು: ಐದು ಕ್ರೂಸರ್, ಎಂಟು ಡಿಸ್ಟ್ರಾಯರ್. ಕಾರಿರುಳಿನಲ್ಲಿ ಎರಡೂ ಪಡೆಗಳು ಒಂದರೊಳಗೊಂದು ನುಗ್ಗಿಬಿಟ್ಟವು. ಯಾವುದು ತಮ್ಮದು, ಯಾವುದು ಶತ್ರುವಿನದು ಅಂತ ಗೊತ್ತಾಗದಷ್ಟು ಹತ್ತಿರದ ಕಾಳಗ. ಅಮೆರಿಕದ ಇಬ್ಬರು ಅಡ್ಮಿರಲ್‌ಗಳು ಆ ಒಂದೇ ರಾತ್ರಿ ಸತ್ತರು. ಜೂನೋದ ಎಡ ಮಗ್ಗುಲಿಗೆ ಟಾರ್ಪಿಡೊ ಬಡಿದು ಹಡಗಿನ ಬೆನ್ನೆಲುಬೇ ಮುರಿದಂತಾಯಿತು. ಆದರೂ ಮುಳುಗಲಿಲ್ಲ.

ಬೆಳಗಾದ ಮೇಲೆ ಅಳಿದುಳಿದ ಆರು ಹಡಗುಗಳು ನಿಧಾನವಾಗಿ ದಕ್ಷಿಣದ ಕಡೆ ಹೊರಟವು. ಅವುಗಳಲ್ಲಿ ಒಂದನ್ನು ರೇಡಿಯೊ ಸಂದೇಶ ಕಳಿಸಲು ಬೇರೆ ದಿಕ್ಕಿಗೆ ಕಳಿಸಲಾಯಿತು. ಉಳಿದ ಐದರಲ್ಲಿ ಒಂದು, ಮೂತಿ ತಗ್ಗಿಸಿಕೊಂಡು ತೆವಳುತ್ತಿದ್ದ ಜೂನೋ.

ಬೆಳಿಗ್ಗೆ 11 ಗಂಟೆ ದಾಟಿತ್ತು. ಐ-26 ಎಂಬ ಜಪಾನಿನ ಜಲಾಂತರ್ಗಾಮಿ ಟಾರ್ಪಿಡೊ ಬಿಟ್ಟಿತು. ಅದರ ಗುರಿ ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೊ ಎಂಬ ದೊಡ್ಡ ಕ್ರೂಸರ್ ಮೇಲೆ. ಅದಕ್ಕೆ ತಗುಲದೆ ಮುಂದೆ ಹೋದ ಟಾರ್ಪಿಡೊ ಜೂನೋಗೆ ಬಡಿಯಿತು, ಹಿಂದಿನ ರಾತ್ರಿ ಪೆಟ್ಟು ಬಿದ್ದಿದ್ದ ಮಗ್ಗುಲಿಗೇ. ಮದ್ದಿನ ಕೋಠಿ ಸಿಡಿದಿರಬೇಕು, ಇಡೀ ಹಡಗು ಒಂದು ಹೊಗೆಯ ಕಂಬವಾಗಿ ಎದ್ದಿತು. 6,000 ಟನ್ನಿನ ಹಡಗು ಅರ್ಧ ನಿಮಿಷದೊಳಗೆ ನೀರಿನ ಮೇಲೆ ಇರಲಿಲ್ಲ.

ನಿಲ್ಲದೆ ಹೋದವರು, ತಲುಪದ ಸಂದೇಶ

ಉಳಿದ ಹಡಗುಗಳ ಮುಂದಾಳತ್ವ ಆಗ ಹೆಲೆನಾ ನೌಕೆಯ ಕ್ಯಾಪ್ಟನ್ ಗಿಲ್ಬರ್ಟ್ ಹೂವರ್ ಅವರದಾಗಿತ್ತು. ಆ ಸ್ಫೋಟ ನೋಡಿದ ಯಾರಿಗೂ ಅದರೊಳಗೆ ಒಬ್ಬನಾದರೂ ಉಳಿದಿರಬಹುದು ಅಂತ ಅನ್ನಿಸುವಂತಿರಲಿಲ್ಲ. ನೀರಿನ ಕೆಳಗೆ ಜಲಾಂತರ್ಗಾಮಿ ಇನ್ನೂ ಇದೆ. ಕೈಯಲ್ಲಿರುವುದು ಗಾಯಗೊಂಡ ಹಡಗುಗಳು, ಅವುಗಳಲ್ಲಿ ನೂರಾರು ಜನ. ನಿಂತರೆ ಇನ್ನೊಂದು ಹಡಗೂ ಹೋಗುತ್ತದೆ. ಹೂವರ್ ನಿಲ್ಲಿಸಲಿಲ್ಲ. ಮೇಲೆ ಹಾರುತ್ತಿದ್ದ ಬಿ-17 ವಿಮಾನಕ್ಕೆ ಸಂಜ್ಞೆ ಮಾಡಿ, ಹಡಗು ಮುಳುಗಿದ ಜಾಗವನ್ನು ಕೇಂದ್ರಕ್ಕೆ ತಿಳಿಸಿ ಅಂತ ಕೇಳಿಕೊಂಡು ಮುಂದೆ ಸಾಗಿದರು.

ಆದರೆ ನೀರಿನ ಮೇಲೆ ಜನ ಇದ್ದರು. ಒಬ್ಬಿಬ್ಬರಲ್ಲ, ನೂರಕ್ಕೂ ಹೆಚ್ಚು ಮಂದಿ. ವಿಮಾನದವರು ಕೊಟ್ಟ ಮಾಹಿತಿ ಹೋಗಬೇಕಾದ ಕಡೆಗೆ ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲ. ಕಾಗದಗಳ ನಡುವೆ ಆ ಸುದ್ದಿ ದಿನಗಟ್ಟಲೆ ಬಿದ್ದಿತ್ತು. ಹುಡುಕಾಟ ಸರಿಯಾಗಿ ಶುರುವಾಗುವಷ್ಟರಲ್ಲಿ ಕಡಲು ತನ್ನ ಕೆಲಸ ಬಹುಪಾಲು ಮುಗಿಸಿತ್ತು. ಕ್ಯಾಪ್ಟನ್ ಲೈಮನ್ ಸ್ವೆನ್ಸನ್ ಸೇರಿ ಜೂನೋದ 687 ಮಂದಿ ಸತ್ತರು. ಸುಮಾರು ಎಂಟು ದಿನಗಳಾದ ಮೇಲೆ ನೀರಿನಿಂದ ಜೀವಂತ ಸಿಕ್ಕವರು ಹತ್ತೇ ಮಂದಿ.

ಹೂವರ್ ಅವರನ್ನು ಅಡ್ಮಿರಲ್ ಹಾಲ್ಸಿ ಹುದ್ದೆಯಿಂದ ತೆಗೆದುಹಾಕಿದರು. ಧೈರ್ಯಕ್ಕಾಗಿ ದೊಡ್ಡ ದೊಡ್ಡ ಪದಕ ಪಡೆದಿದ್ದ ಅಧಿಕಾರಿಗೆ ಆಮೇಲೆ ಕಡಲಿನ ಮೇಲಿನ ಕಮಾಂಡ್ ಸಿಗಲಿಲ್ಲ. ತಾನು ಮಾಡಿದ್ದು ತಪ್ಪಾಯಿತು ಅಂತ ಹಾಲ್ಸಿ ನಂತರ ಒಪ್ಪಿಕೊಂಡರು. ನಿಲ್ಲಬೇಕಿತ್ತೋ ಬೇಡವೋ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ.

ತೆಪ್ಪದ ಮೇಲಿನ ದಿನಗಳು

ಬದುಕಿ ಬಂದ ಹತ್ತು ಮಂದಿಯಲ್ಲಿ ಕೆಲವರು ಹೇಳಿದ್ದರಿಂದಲೇ ಸಲಿವನ್‌ಗಳ ಕೊನೆ ಜಗತ್ತಿಗೆ ಗೊತ್ತಾಗಿದ್ದು. ಫ್ರಾಂಕ್, ಜೋ, ಮ್ಯಾಟ್ ಮೂವರೂ ಸ್ಫೋಟದಲ್ಲೇ ಹೋದರು. ಜೋಗೆ ವಯಸ್ಸು 24. ಮ್ಯಾಟ್‌ಗೆ 23 ತುಂಬಿ ಐದು ದಿನ ಆಗಿತ್ತು. ಆಲ್ ನೀರಿಗೆ ಬಿದ್ದವನು ಮರುದಿನ ಮುಳುಗಿದ. ಅವನಿಗೆ ಇನ್ನೂ 20 ವರ್ಷ, ಊರಲ್ಲಿ ಅವನ ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ.

ಜಾರ್ಜ್‌ಗೆ ಗಾಯವಾಗಿತ್ತು, ಆದ್ರೂ ಒಂದು ತೆಪ್ಪ ಸಿಕ್ಕಿತು. ಕಡಲಿನ ಮೇಲೆಲ್ಲ ಹಡಗಿನ ಕಪ್ಪು ಎಣ್ಣೆ ದಪ್ಪಗೆ ಹರಡಿತ್ತು. ನೀರಿನಲ್ಲಿದ್ದ ಪ್ರತಿಯೊಬ್ಬನ ಮುಖವೂ ಎಣ್ಣೆ ಮೆತ್ತಿ ಒಂದೇ ತರ ಕಾಣುತ್ತಿತ್ತು. ಯಾರು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಜಾರ್ಜ್ ಒಬ್ಬೊಬ್ಬರ ಹತ್ತಿರ ಹೋಗಿ ಮುಖದ ಎಣ್ಣೆ ಒರೆಸಿ ನೋಡುತ್ತಿದ್ದ. ತಮ್ಮ ಅಲ್ಲ ಅಂತ ಗೊತ್ತಾದರೆ ಇನ್ನೊಬ್ಬರ ಕಡೆ. ಒಂದೊಂದೇ ಹೆಸರು ಹಿಡಿದು ಕೂಗುತ್ತಿದ್ದ. ಉತ್ತರ ಬರಲಿಲ್ಲ.

ಹಗಲು ಸಮಭಾಜಕ ವೃತ್ತದ ಹತ್ತಿರದ ಸುಡುಬಿಸಿಲು, ರಾತ್ರಿ ಚಳಿ. ಕುಡಿಯಲು ನೀರಿಲ್ಲ. ಬಾಯಾರಿಕೆ ತಾಳದೆ ಉಪ್ಪುನೀರು ಕುಡಿದವರಿಗೆ ಬುದ್ಧಿ ಭ್ರಮಣೆಯಾಗುತ್ತಿತ್ತು. ದೇಹದಲ್ಲಿ ಉಪ್ಪು ಹೆಚ್ಚಾದರೆ ಮೊದಲು ಹೋಗುವುದು ತಿಳಿವು. ಹತ್ತಿರದಲ್ಲೇ ದ್ವೀಪ ಇದೆ, ಕೆಳಗೇ ಹಡಗು ಇದೆ, ಹೋಗಿ ಊಟ ಮಾಡಿ ಬರುತ್ತೇನೆ ಅಂತ ತೆಪ್ಪ ಬಿಟ್ಟು ಇಳಿದು ಹೋದವರು ಎಷ್ಟೋ ಜನ. ಸುತ್ತ ಶಾರ್ಕ್ ಮೀನುಗಳು ತಿರುಗುತ್ತಿದ್ದವು. ದಿನ ಕಳೆದಂತೆ ತೆಪ್ಪಗಳಲ್ಲಿ ಜಾಗ ಖಾಲಿಯಾಗುತ್ತಾ ಬಂತು.

ಜಾರ್ಜ್ ನಾಲ್ಕೈದು ದಿನ ತಡೆದ. ಒಂದು ರಾತ್ರಿ ಸ್ನಾನ ಮಾಡಿ ಬರುತ್ತೇನೆ ಅಂತ ಬಟ್ಟೆ ಕಳಚಿ ನೀರಿಗಿಳಿದ. ತೆಪ್ಪದಿಂದ ಸ್ವಲ್ಪ ದೂರ ಈಜಿದ. ಅಲ್ಲಿಂದ ಅವನು ತಿರುಗಿ ಬರಲಿಲ್ಲ, ಶಾರ್ಕ್ ಎಳೆದುಕೊಂಡು ಹೋಯಿತು ಅಂತ ಅದೇ ತೆಪ್ಪದಲ್ಲಿದ್ದು ಬದುಕಿದ ಒಬ್ಬ ನಾವಿಕ ಆಮೇಲೆ ನೌಕಾಪಡೆಯ ಮುಂದೆ ಹೇಳಿದ. 28ನೇ ಹುಟ್ಟುಹಬ್ಬಕ್ಕೆ ಒಂದು ತಿಂಗಳೂ ಇರಲಿಲ್ಲ.

ಬಾಗಿಲಿಗೆ ಬಂದ ಮೂವರು

ಯುದ್ಧಕಾಲದಲ್ಲಿ ಹಡಗು ಮುಳುಗಿದ ಸುದ್ದಿಯನ್ನು ಬಚ್ಚಿಡುವುದು ವಾಡಿಕೆ. ಶತ್ರುವಿಗೆ ಲೆಕ್ಕ ಸಿಗಬಾರದು. ಹಾಗಾಗಿ ವಾಟರ್‌ಲೂದ ಮನೆಗೆ ಏನೂ ತಿಳಿಸಿರಲಿಲ್ಲ. ಆದರೆ ಪತ್ರಗಳು ನಿಂತುಹೋದವು. ಐದು ಮಕ್ಕಳಲ್ಲಿ ಒಬ್ಬನಿಂದಲೂ ಒಂದು ಸಾಲು ಇಲ್ಲ. ಡಿಸೆಂಬರ್ ಬಂತು, ಕ್ರಿಸ್‌ಮಸ್ ಹೋಯಿತು. ಊರಲ್ಲಿ ಗುಸುಗುಸು ಹಬ್ಬಿತು. ಜನವರಿಯಲ್ಲಿ ಅಲೀಟಾ ಸ್ವತಃ ನೌಕಾಪಡೆಗೆ ಪತ್ರ ಬರೆದಳು. ಮಕ್ಕಳ ಬಗ್ಗೆ ಕೇಳಬಾರದ ಮಾತು ಕೇಳಿಬರುತ್ತಿದೆ, ನಿಜವೋ ಸುಳ್ಳೋ ತಿಳಿಸಿ ಅಂತ. ಪೋರ್ಟ್‌ಲ್ಯಾಂಡ್ ಊರಿನಲ್ಲಿ ಟವಾಸಾ ಎಂಬ ಹೊಸ ಹಡಗನ್ನು ನೀರಿಗಿಳಿಸುವ ಗೌರವವನ್ನು ನೌಕಾಪಡೆ ಅವಳಿಗೆ ಮೊದಲೇ ಕೊಟ್ಟಿತ್ತು. ಸುದ್ದಿ ಏನೇ ಇದ್ದರೂ ಆ ಕೆಲಸ ತಾನು ಮಾಡಿಯೇ ಮಾಡುತ್ತೇನೆ ಅಂತಲೂ ಅದೇ ಪತ್ರದಲ್ಲಿ ತಿಳಿಸಿದ್ದಳು.

1943ರ ಜನವರಿ 12ರ ಬೆಳಿಗ್ಗೆ ಥಾಮಸ್ ಕೆಲಸಕ್ಕೆ ಹೊರಡಲು ತಯಾರಾಗುತ್ತಿದ್ದ. ಮನೆ ಮುಂದೆ ಕಾರು ನಿಂತಿತು. ಸಮವಸ್ತ್ರದ ಮೂವರು ಇಳಿದರು. ಅವರಲ್ಲಿ ಒಬ್ಬರು ವೈದ್ಯರು. ಮಕ್ಕಳ ವಿಷಯ ಅಂದಾಗ ತಂದೆ ಕೇಳಿದ್ದು ಒಂದೇ, ಯಾವ ಮಗ ಅಂತ. ಐವರೂ ಅನ್ನುವ ಉತ್ತರ ಬಂತು. ಕಾಳಗದಲ್ಲಿ ಕಾಣೆಯಾಗಿದ್ದಾರೆ ಅನ್ನುವುದು ಸರ್ಕಾರದ ಭಾಷೆ. ಅದರ ಅರ್ಥ ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಥಾಮಸ್ 33 ವರ್ಷ ಒಂದು ದಿನವೂ ತಪ್ಪದೆ ಕೆಲಸಕ್ಕೆ ಹೋಗಿದ್ದವನು. ಅಂದು ಹೋಗಬೇಕೋ ಬೇಡವೋ ಅಂತ ಹೆಂಡತಿಯ ಮುಖ ನೋಡಿದ. ರೈಲಿನಲ್ಲಿ ಯುದ್ಧದ ಸರಕು ಇರುತ್ತದೆ, ತಡವಾದರೆ ಇನ್ಯಾರದೋ ಮಕ್ಕಳಿಗೆ ತೊಂದರೆ, ಹೋಗಿ ಬಾ ಅಂತ ಅಲೀಟಾ ಕಳಿಸಿದಳು. ಅವನು ಹೋದ.

ದುಃಖಕ್ಕೂ ಒಂದು ಕೆಲಸ

ಮರುದಿನದ ದಿನಾಂಕ ಹಾಕಿ ಅಧ್ಯಕ್ಷ ರೂಸ್‌ವೆಲ್ಟ್ ಸಾಂತ್ವನದ ಪತ್ರ ಬರೆದರು. ಪೋಪ್ ಹನ್ನೆರಡನೇ ಪಯಸ್ ಬೆಳ್ಳಿಯ ಪದಕ ಮತ್ತು ಜಪಮಾಲೆ ಕಳಿಸಿದರು. ಐವರಿಗೂ ಮರಣೋತ್ತರ ಪರ್ಪಲ್ ಹಾರ್ಟ್ ಗೌರವ ಸಿಕ್ಕಿತು. ಒಂದೇ ಮನೆಯಿಂದ ಐವರು ಒಮ್ಮೆಲೇ ಹೋದದ್ದು ಅಮೆರಿಕದ ನೌಕಾಪಡೆಗೂ ಹಿಂದೆ ಕಾಣದ ನಷ್ಟ.

ಮಕ್ಕಳು ಹೋದ ಕೆಲವೇ ವಾರಗಳಲ್ಲಿ ಅಪ್ಪ ಅಮ್ಮನನ್ನು ದೇಶ ಸುತ್ತಲು ಕಳಿಸಲಾಯಿತು. 200ಕ್ಕೂ ಹೆಚ್ಚು ಕಾರ್ಖಾನೆ ಮತ್ತು ಹಡಗುಕಟ್ಟೆಗಳಿಗೆ ಹೋಗಿ, ಕಾರ್ಮಿಕರ ಮುಂದೆ ನಿಂತು, ಬೇಗ ಬೇಗ ಹಡಗು ಕಟ್ಟಿ, ಮದ್ದುಗುಂಡು ಮಾಡಿ ಅಂತ ಹೇಳುವ ಕೆಲಸ. 1944ರ ಜನವರಿ ಹೊತ್ತಿಗೆ 65 ನಗರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಮುಂದೆ ಈ ಕುಟುಂಬ ಮಾತಾಡಿತ್ತು. ಮಗಳು ಜೆನೆವೀವ್ ನೌಕಾಪಡೆಯ ಮಹಿಳಾ ವಿಭಾಗ ಸೇರಿದಳು. ಆರು ಮಕ್ಕಳಲ್ಲಿ ಸಮವಸ್ತ್ರ ಹಾಕದವರು ಒಬ್ಬರೂ ಉಳಿಯಲಿಲ್ಲ. ಈ ತಾಯಿಯ ಕಣ್ಣೀರನ್ನು ಸರ್ಕಾರ ಪ್ರಚಾರಕ್ಕೆ ಬಳಸಿಕೊಂಡಿತು ಅಂತ ಹೇಳುವವರೂ ಇದ್ದಾರೆ. ಬಳಸಿಕೊಂಡದ್ದು ನಿಜ. ಸುಮ್ಮನೆ ಮನೆಯಲ್ಲಿ ಕೂತು ಐದು ಖಾಲಿ ಹಾಸಿಗೆ ನೋಡುವುದಕ್ಕಿಂತ ಅಲೀಟಾಗೂ ಆ ಓಡಾಟ ಬೇಕಾಗಿತ್ತೇನೋ.

ಪುಟ್ನಮ್ ಎಂಬ ಹೆಸರಿನಲ್ಲಿ ಕಟ್ಟುತ್ತಿದ್ದ ಡಿಸ್ಟ್ರಾಯರ್ ಒಂದಕ್ಕೆ ಅಧ್ಯಕ್ಷರ ಸೂಚನೆಯಂತೆ ದಿ ಸಲಿವನ್ಸ್ ಅಂತ ಹೊಸ ಹೆಸರಿಟ್ಟರು. 1943ರ ಏಪ್ರಿಲ್ 4ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದನ್ನು ನೀರಿಗಿಳಿಸಿದ್ದು ಅಲೀಟಾ. ಮಕ್ಕಳನ್ನು ಕಳೆದುಕೊಂಡ ಐದೇ ತಿಂಗಳಲ್ಲಿ ಅವಳು ನೀರಿಗೆ ಕಳಿಸಿದ ಎರಡನೇ ಹಡಗು ಅದು. ಟವಾಸಾವನ್ನೂ ಮಾತು ಕೊಟ್ಟಂತೆ ಫೆಬ್ರವರಿಯಲ್ಲಿ ನೀರಿಗಿಳಿಸಿದ್ದಳು. ಹೊಗೆ ಕೊಳವೆಯ ಮೇಲೆ ಐರಿಷ್ ಗುರುತಾದ ಮೂರೆಲೆಯ ಚಿತ್ರ ಹೊತ್ತ ದಿ ಸಲಿವನ್ಸ್, ಎರಡನೇ ಮಹಾಯುದ್ಧ ಮತ್ತು ಕೊರಿಯಾ ಯುದ್ಧ ಎರಡನ್ನೂ ಮುಗಿಸಿ ಬಂತು. ತಂದೆಯ ಮುಖ ನೆನಪಿಲ್ಲದೆ ಬೆಳೆದ ಆಲ್‌ನ ಮಗ ಜಿಮ್ಮಿ ಮುಂದೆ ಅದೇ ಹಡಗಿನಲ್ಲಿ ನಾವಿಕನಾಗಿ ಕೆಲಸ ಮಾಡಿದ. ಈಗ ಆ ಹಡಗು ನ್ಯೂಯಾರ್ಕ್ ರಾಜ್ಯದ ಬಫಲೊ ನಗರದಲ್ಲಿ ವಸ್ತುಸಂಗ್ರಹಾಲಯ. ಅದೇ ಹೆಸರಿನ ಇನ್ನೊಂದು ನೌಕೆ 1997ರಲ್ಲಿ ಸೇವೆಗೆ ಬಂತು. ಅದನ್ನು ನೀರಿಗಿಳಿಸಿದ ಗೌರವ ಆಲ್‌ನ ಮೊಮ್ಮಗಳಿಗೆ.

ಸಿನಿಮಾ ಹೇಳಿದ್ದು, ಕಾನೂನು ಹೇಳದೇ ಇದ್ದದ್ದು

1944ರಲ್ಲಿ ಈ ಕುಟುಂಬದ ಮೇಲೆ ಹಾಲಿವುಡ್ ಸಿನಿಮಾ ಬಂತು. ಅದರಲ್ಲಿ ಗಾಯಗೊಂಡ ಜಾರ್ಜ್‌ನನ್ನು ಹೊರಗೆ ತರಲು ನಾಲ್ವರು ತಮ್ಮಂದಿರೂ ಹಡಗಿನೊಳಗೆ ಓಡುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿಯುತ್ತದೆ. ಐವರೂ ಒಂದೇ ಕ್ಷಣದಲ್ಲಿ, ಒಬ್ಬರ ಪಕ್ಕ ಒಬ್ಬರು. ನೋಡುವವರಿಗೆ ಅದರಲ್ಲಿ ಒಂದು ಸಮಾಧಾನ ಇತ್ತು. ನಿಜವಾಗಿ ಅಣ್ಣನನ್ನು ಹುಡುಕಿಕೊಂಡು ತಮ್ಮಂದಿರು ಬರಲಿಲ್ಲ, ತಮ್ಮಂದಿರನ್ನು ಹುಡುಕಿಕೊಂಡು ಅಣ್ಣ ಹೋದ.

ಸಲಿವನ್‌ಗಳ ನಂತರ ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಇರಬಾರದು ಅಂತ ಅಮೆರಿಕದಲ್ಲಿ ಕಾನೂನು ಆಯಿತು ಅನ್ನೋದು ತುಂಬಾ ಜನ ನಂಬಿರುವ ಮಾತು. ಹಾಗೊಂದು ಕಾನೂನು ಆಗಲೇ ಇಲ್ಲ. ಆದದ್ದು ಬೇರೆ. ಇಂಥ ಕುಟುಂಬಗಳ ನಷ್ಟ ಕಣ್ಣ ಮುಂದೆ ಇದ್ದುದರಿಂದ, ಮನೆಯಲ್ಲಿ ಉಳಿದ ಕೊನೆಯ ಮಗನಿಗೆ ಕಡ್ಡಾಯ ಸೇನಾ ಭರ್ತಿಯಿಂದ ರಕ್ಷಣೆ ಕೊಡುವ ನಿಯಮ 1948ರಲ್ಲಿ ಬಂತು. ಸಲಿವನ್ ಮನೆಯಲ್ಲಿ ಆ ರಕ್ಷಣೆ ಕೊಡಲು ಯಾರೂ ಉಳಿದಿರಲಿಲ್ಲ.

ಥಾಮಸ್ 1965ರಲ್ಲಿ, ಅಲೀಟಾ 1972ರಲ್ಲಿ ತೀರಿಕೊಂಡರು. ಆಡಮ್ಸ್ ಸ್ಟ್ರೀಟಿನ ಮನೆ ಈಗ ಇಲ್ಲ, ಅಲ್ಲಿ ಅವರ ಹೆಸರಿನ ಉದ್ಯಾನ ಇದೆ. ಊರಿನಲ್ಲಿ 2008ರಲ್ಲಿ ಸಲಿವನ್ ಸಹೋದರರ ಹೆಸರಿನ ಮಾಜಿ ಯೋಧರ ವಸ್ತುಸಂಗ್ರಹಾಲಯ ತೆರೆಯಿತು. ಐವರಲ್ಲಿ ಒಬ್ಬನಿಗೂ ಸಮಾಧಿ ಇಲ್ಲ. ಫಿಲಿಪ್ಪೀನ್ಸ್‌ನ ಮನಿಲಾದಲ್ಲಿರುವ ಅಮೆರಿಕನ್ ಯೋಧರ ಸ್ಮಶಾನದಲ್ಲಿ, ಕಾಣೆಯಾದವರ ಹೆಸರು ಕೆತ್ತಿದ ಕಲ್ಲುಗೋಡೆಗಳ ಮೇಲೆ ಅವರ ಹೆಸರುಗಳಿವೆ.

2018ರ ಮಾರ್ಚ್ 17ರಂದು ಮೈಕ್ರೊಸಾಫ್ಟ್ ಸಹ ಸಂಸ್ಥಾಪಕ ಪಾಲ್ ಅಲೆನ್ ಅವರ ಪೆಟ್ರೆಲ್ ಹಡಗಿನ ತಂಡ, ಸಾಲೊಮನ್ ದ್ವೀಪಗಳ ಹತ್ತಿರ ಸುಮಾರು 4,200 ಮೀಟರ್ ಆಳದಲ್ಲಿ ಜೂನೋದ ಅವಶೇಷ ಪತ್ತೆ ಮಾಡಿತು. ಅಂದು ಐರಿಷರ ದೊಡ್ಡ ಹಬ್ಬವಾದ ಸಂತ ಪ್ಯಾಟ್ರಿಕ್ ದಿನ. ಮುಳುಗಿ 75 ವರ್ಷ ದಾಟಿತ್ತು. ಫ್ರಾಂಕ್, ಜೋ, ಮ್ಯಾಟ್ ಕೊನೆಯದಾಗಿ ಇದ್ದ ಜಾಗ ಎಲ್ಲಿ ಅಂತ ಮನೆಯವರಿಗೆ ಕೊನೆಗೂ ಗೊತ್ತಾಯಿತು.

ಜಾರ್ಜ್ ಇಳಿದು ಹೋದ ಜಾಗ ಮಾತ್ರ ಯಾವ ನಕಾಶೆಯಲ್ಲೂ ಇಲ್ಲ. ತೆಪ್ಪ ಗಾಳಿ ಕರೆದತ್ತ ತೇಲಿ ಬಹುದೂರ ಹೋಗಿತ್ತು. ಒಟ್ಟಿಗೇ ಇರೋಣ ಅಂತ ನಾಲ್ವರನ್ನೂ ಕರೆದುಕೊಂಡು ಹೊರಟವನು ಕೊನೆಯ ದಿನಗಳನ್ನು ಕಳೆದದ್ದು ಒಬ್ಬನೇ, ಸಿಕ್ಕ ಪ್ರತಿಯೊಂದು ಮುಖದ ಎಣ್ಣೆ ಒರೆಸಿ ನೋಡುತ್ತಾ.